ಅಂಕಿಗಳಾದ ನಾದ: ಸ್ಯಾಂಪ್ಲರ್ ಯಂತ್ರಕ್ಕೆ ಧ್ವನಿಯನ್ನು ಅಣಿಗೊಳಿಸುವ ಬಗೆ

ತಂಬೂರಿಯ ನಾದವನ್ನು ಮುದ್ರಿಸಿ ಒಂದು ಸಂಗೀತಯಂತ್ರಕ್ಕೆ ತುಂಬಿದ್ದೇವೆಂದು ಭಾವಿಸೋಣ. ಕಂಪ್ಯೂಟರಿನಲ್ಲಿ ಕೇಳಿದಾಗ ಶ್ರುತಿ ಸರಿಯಾಗಿಯೇ ಇತ್ತು. ಯಂತ್ರದಿಂದ ಹೊರಟಾಗ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಇಳಿದಿದೆ. ತಂತಿ ಸಡಿಲವಾಗಿಲ್ಲ, ಯಂತ್ರವೂ ಕೆಟ್ಟಿಲ್ಲ. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು?

ಹೊರಗಿನ ಧ್ವನಿಯನ್ನು ಸಂಗ್ರಹಿಸಿಟ್ಟುಕೊಂಡು ವಾದ್ಯದಂತೆ ನುಡಿಸಲು ಒದಗಿಸುವ ಯಂತ್ರಕ್ಕೆ ಸ್ಯಾಂಪ್ಲರ್ ಎಂದು ಹೆಸರು. ೧೯೭೯ರಲ್ಲಿ ಆಸ್ಟ್ರೇಲಿಯದಲ್ಲಿ ಹೊರಬಂದ ಫೇರ್‌ಲೈಟ್ ಈ ಜಾತಿಯ ಮೊದಲ ಯಂತ್ರಗಳಲ್ಲೊಂದು. ಈಗ ಅಂಗೈಯಗಲದ ಮಾಡ್ಯೂಲುಗಳು ಅದೇ ಕೆಲಸವನ್ನು ಮಾಡುತ್ತವೆ. ಲಂಡನ್ನಿನ ಟಾಮ್ ವಿಟ್‌ವೆಲ್ ರೂಪಿಸಿದ ‘ರೇಡಿಯೊ ಮ್ಯೂಸಿಕ್’ ಅಂಥದೊಂದು. ರೇಡಿಯೊ ಕೇಂದ್ರಗಳನ್ನು ಬದಲಿಸುವಂತೆ ಇದರಲ್ಲಿ ಒಂದು ಧ್ವನಿಯಿಂದ ಇನ್ನೊಂದಕ್ಕೆ ಹೋಗಬಹುದು. ಧ್ವನಿಯ ಫೈಲುಗಳು ಸಣ್ಣದೊಂದು ಮೆಮೊರಿ ಕಾರ್ಡಿನಲ್ಲಿ, ೦ಯಿಂದ ೧೫ರವರೆಗೆ ಹೆಸರಿಟ್ಟ ಫೋಲ್ಡರುಗಳಲ್ಲಿ ಇರಬೇಕು. ಅದರ ಮೂಲ ವಿನ್ಯಾಸವು ಒಂದೇ ರೂಪದ ಧ್ವನಿಯನ್ನು ಸ್ವೀಕರಿಸುತ್ತದೆ: ಸೆಕೆಂಡಿಗೆ ೪೪,೧೦೦ ಅಳತೆ, ಪ್ರತಿ ಅಳತೆಗೆ ೧೬ ಬಿಟ್, ಒಂದೇ ವಾಹಿನಿ, ಯಾವ ಪೀಠಿಕೆಯೂ ಇಲ್ಲದ ಬರಿಯ ಅಂಕಿಗಳು. ಈ ನಾಲ್ಕು ನಿಯಮಗಳ ಅರ್ಥವನ್ನು ತಿಳಿದರೆ ಮೇಲಿನ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಈ ಏರಿಳಿತವನ್ನು ಸಮನಾದ ಕಾಲಾಂತರಗಳಲ್ಲಿ ಅಳೆದು ಬರೆದಿಟ್ಟ ಅಂಕಿಗಳ ಸಾಲೇ ಧ್ವನಿಯ ಫೈಲು. ಧ್ವನಿಯಲ್ಲಿರುವ ಅತ್ಯಧಿಕ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಮೂಲ ತರಂಗವನ್ನು ಪುನಃ ಪಡೆಯಬಹುದೆಂಬುದನ್ನು ಕ್ಲಾಡ್ ಶ್ಯಾನನ್ ೧೯೪೯ರ ತಮ್ಮ ಲೇಖನದಲ್ಲಿ ನಿರೂಪಿಸಿದರು. ಮನುಷ್ಯನ ಕಿವಿಗೆ ಸುಮಾರು ೨೦,೦೦೦ ಹರ್ಟ್ಸ್‌ಗಿಂತ ಮೇಲಿನ ನಾದ ಕೇಳದು. ಆದುದರಿಂದ ೪೪,೧೦೦ ಸಾಕು.

ನಮ್ಮ ತಂಬೂರಿಯನ್ನು ಸೆಕೆಂಡಿಗೆ ೪೮,೦೦೦ ಸಲ ಅಳೆದು ಮುದ್ರಿಸಲಾಗಿತ್ತು. ಯಂತ್ರವು ಅದೇ ಅಂಕಿಗಳನ್ನು ಸೆಕೆಂಡಿಗೆ ೪೪,೧೦೦ರಂತೆ ಓದಿತು. ಹತ್ತು ಸೆಕೆಂಡಿನ ನಾದ ೧೦.೮೮ ಸೆಕೆಂಡಿಗೆ ಹಿಗ್ಗಿತು; ೨೨೦ ಹರ್ಟ್ಸ್‌ನ ಸ್ವರ ಸುಮಾರು ೨೦೨ಕ್ಕೆ ಕುಗ್ಗಿತು. ಶ್ರುತಿ ಇಳಿದುದರ ಗುಟ್ಟು ಇಷ್ಟೇ.

ಹಾಗೆಂದು ನಡುನಡುವೆ ಕೆಲವು ಅಂಕಿಗಳನ್ನು ಕಿತ್ತೆಸೆದರೆ ಪರಿಹಾರವಾಗದು. ಸೆಕೆಂಡಿಗೆ ೯೬,೦೦೦ ಅಳತೆಗಳ ಮುದ್ರಣದಲ್ಲಿ ೩೦,೦೦೦ ಹರ್ಟ್ಸ್‌ನ ಕಂಪನವಿದೆಯೆನ್ನಿ. ಅದು ನಮಗೆ ಕೇಳಿಸದು. ಆದರೆ ಅದನ್ನು ಸೋಸದೆ ೪೪,೧೦೦ಕ್ಕೆ ಇಳಿಸಿದರೆ, ಆ ಕಂಪನ ೧೪,೧೦೦ ಹರ್ಟ್ಸ್‌ನ ಸುಳ್ಳುನಾದವಾಗಿ ಕಿವಿಗೆ ಬೀಳುತ್ತದೆ. ಆದುದರಿಂದ ಒಳ್ಳೆಯ ಪರಿವರ್ತಕವು ೨೨,೦೫೦ಕ್ಕೆ ಮೇಲಿನ ಆವೃತ್ತಿಗಳನ್ನು ಮೊದಲು ಸೋಸಿ ತೆಗೆದು, ಆಮೇಲೆ ಹೊಸ ಅಳತೆಗಳನ್ನು ಲೆಕ್ಕಹಾಕುತ್ತದೆ.

ಇನ್ನು ಬಿಟ್‌ಗಳ ವಿಚಾರ. ೨೪ ಬಿಟ್‌ನಲ್ಲಿ ಒತ್ತಡವನ್ನು ೧,೬೭,೭೭,೨೧೬ ಮೆಟ್ಟಿಲುಗಳಲ್ಲಿ ಅಳೆಯಬಹುದು. ೧೬ ಬಿಟ್‌ನಲ್ಲಿ ಮೆಟ್ಟಿಲುಗಳು ೬೫,೫೩೬ ಮಾತ್ರ. ಬಿಟ್ ಕಡಿಮೆ ಮಾಡಿದಾಗ ಬಹು ಮೆಲುವಾದ ನಾದದ ಬಾಲ ಒರಟಾಗುತ್ತದೆ. ಇದನ್ನು ತಪ್ಪಿಸಲು, ಅತ್ಯಲ್ಪವಾದ ಗೊತ್ತುಗುರಿಯಿಲ್ಲದ ಸದ್ದನ್ನು ಬೆರೆಸಿ ಅನಂತರ ಅಂಕಿಗಳನ್ನು ಮೊಟಕುಗೊಳಿಸುತ್ತಾರೆ. ಸದ್ದು ಬೆರೆಸಿದರೆ ನಾದ ನಯವಾಗುವುದೆಂಬುದು ವಿಚಿತ್ರವೆನಿಸಿದರೂ ನಿಜ. ದೋಷವು ನಾದವನ್ನು ಹಿಂಬಾಲಿಸುವ ಕರ್ಕಶತೆಯಾಗದೆ, ಎಲ್ಲೆಡೆ ಸಮನಾಗಿ ಹರಡಿದ ಮಂದ ಮರ್ಮರವಾಗುತ್ತದೆ.

ಎಡ ಬಲಗಳ ಎರಡು ವಾಹಿನಿಗಳನ್ನು ಒಂದಾಗಿಸುವಾಗ ಎರಡನ್ನೂ ಕೂಡಿ ಅರ್ಧ ಮಾಡಬೇಕು. ಬರಿದೆ ಕೂಡಿದರೆ ಮೊತ್ತವು ಮಿತಿಯನ್ನು ಮೀರಿ ನಾದ ಒಡೆಯಬಹುದು. ಒಂದು ವಾಹಿನಿಯ ಏರು ಇನ್ನೊಂದರ ಇಳಿವಿನೊಡನೆ ಕೂಡಿದರೆ ಎರಡೂ ಅಳಿಸಿಹೋಗುವ ಸಂಭವವುಂಟು. ಅಂಥಲ್ಲಿ ಒಂದೇ ವಾಹಿನಿಯನ್ನು ಆರಿಸಿಕೊಳ್ಳುವುದು ಲೇಸು.

ಕೊನೆಯದು ಪೀಠಿಕೆ. ‘ವೇವ್’ ಮಾದರಿಯ ಫೈಲಿನ ಆರಂಭದಲ್ಲಿ ಅಳತೆಯ ವೇಗ, ಬಿಟ್, ವಾಹಿನಿಗಳ ವಿವರವಿರುತ್ತದೆ; ಅತಿ ಸರಳ ರೂಪದಲ್ಲಿ ಅದು ೪೪ ಬೈಟ್. ಬರಿಯ ಅಂಕಿಗಳನ್ನು ನಿರೀಕ್ಷಿಸುವ ಯಂತ್ರವು ಇದನ್ನೂ ೨೨ ಅಳತೆಗಳೆಂದು ನುಡಿಸುತ್ತದೆ. ಅರ್ಧ ಮಿಲಿಸೆಕೆಂಡಿನ ‘ಟಕ್’ ಎಂಬ ಸದ್ದು ಹುಟ್ಟುತ್ತದೆ. ಪ್ರತಿ ಅಳತೆಯ ಎರಡು ಬೈಟ್‌ಗಳ ಕ್ರಮವೂ ಸರಿಯಾಗಿರಬೇಕು. ಅವು ಹಿಂದುಮುಂದಾದರೆ ೧ ಎಂಬುದು ೨೫೬ ಆಗುತ್ತದೆ. ಸಂಗೀತಕ್ಕೆ ಬದಲಾಗಿ ಭೋರ್ಗರೆತ ಕೇಳಿಸುತ್ತದೆ.

ಆದುದರಿಂದ ಮೊದಲು ವಾಹಿನಿಗಳನ್ನು ಕೂಡಿಸಿ, ಬಳಿಕ ಅಳತೆಯ ವೇಗವನ್ನು ಬದಲಿಸಿ, ಎಲ್ಲಕ್ಕೂ ಕಡೆಗೆ ಬಿಟ್‌ಗಳನ್ನು ಇಳಿಸಿ, ಪೀಠಿಕೆಯಿಲ್ಲದೆ ಉಳಿಸುವುದು ಯುಕ್ತಕ್ರಮ. ಹೀಗೆ ಸಿದ್ಧವಾದ ಒಂದು ನಿಮಿಷದ ಧ್ವನಿ ೫೨,೯೨,೦೦೦ ಬೈಟ್‌ಗಳನ್ನು ಆಕ್ರಮಿಸುತ್ತದೆ.

ಇವುಗಳಲ್ಲಿ ಸೋಸುವಿಕೆ, ಮೊಟಕುಗೊಳಿಸುವಿಕೆ, ಕೂಡಿಕೆ ಎಂಬ ಮೂರು ಕ್ರಿಯೆಗಳಿಗೆ ಹಿಂದಿರುಗುವ ದಾರಿಯಿಲ್ಲ. ೧೬ ಬಿಟ್‌ನ ಫೈಲನ್ನು ಪುನಃ ೨೪ ಬಿಟ್ ಮಾಡಿದರೆ ಅದರ ಗಾತ್ರ ಬೆಳೆದೀತೇ ಹೊರತು ಕಳೆದುಹೋದ ನವುರು ಮರಳದು. ಇಂದಿಲ್ಲದ ಗಾಯಕನ ಕಂಠ, ನುಡಿಸುವವರಿಲ್ಲದೆ ಮೂಲೆಗೆ ಸೇರಿದ ವಾದ್ಯದ ದನಿ, ಇಂಥವು ಎರಡನೆಯ ಸಲ ಮುದ್ರಣಕ್ಕೆ ದೊರೆಯುವುದಿಲ್ಲ. ಯಂತ್ರಕ್ಕೆ ಪ್ರತಿಯನ್ನು ಕೊಟ್ಟು, ಮೂಲವನ್ನು ಮುಟ್ಟದೆ ಬೇರೆಡೆ ಕಾಪಾಡುವುದೇ ಈ ಕೆಲಸದ ಮೊದಲ ನಿಯಮ.