ಉತ್ಸವ ಮತ್ತು ವ್ಯಾಪಾರ: ಕ್ಯಾಸ್ಟ್ರೋ ಬೀದಿಯ ಅನುಭವ

ಜಾತ್ರೆ ಸೇರಿದಲ್ಲಿ ವ್ಯಾಪಾರ ಕೂಡುತ್ತದೆ ಎಂಬುದು ಕನ್ನಡ ನಾಡಿನ ವರ್ತಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಜಾತ್ರೆ ಮುಗಿದ ಮರುದಿನವೂ ಗಿರಾಕಿಯು ಅದೇ ಬೀದಿಯನ್ನು ಹುಡುಕಿಕೊಂಡು ಬರುವಂತೆ ಮಾಡುವುದು ಬೇರೆಯೇ ಕೆಲಸ. ಉತ್ಸವದ ಹೊಣೆ ಯಾರ ಕೈಯಲ್ಲಿದೆ, ಅದರ ಖರ್ಚನ್ನು ಯಾರು ಭರಿಸುತ್ತಾರೆ, ಬಂದ ಹಣ ಎಲ್ಲಿ ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳ ಮೇಲೆ ಅದು ನಿಂತಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕ್ಯಾಸ್ಟ್ರೋ ಬಡಾವಣೆಯ ಐವತ್ತು ವರ್ಷಗಳ ಅನುಭವವು ಈ ಪ್ರಶ್ನೆಗಳಿಗೆ ಉತ್ತರವನ್ನೂ, ಜೊತೆಗೆ ಕೆಲವು ಎಚ್ಚರಿಕೆಗಳನ್ನೂ ಒದಗಿಸುತ್ತದೆ.

ಕ್ಯಾಸ್ಟ್ರೋ ಬಡಾವಣೆಯು ಸಲಿಂಗಿಗಳು, ದ್ವಿಲಿಂಗಿಗಳು, ಲಿಂಗಪರಿವರ್ತಿತರು ಮೊದಲಾದ ಲೈಂಗಿಕ ಅಲ್ಪಸಂಖ್ಯಾತರ ನೆಲೆಯೆಂದು ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ನ್ಯೂಯಾರ್ಕಿನ ಸ್ಟೋನ್‌ವಾಲ್ ಪಾನಗೃಹದ ಮೇಲೆ 1969ರ ಜೂನ್ 28ರಂದು ನಡೆದ ಪೊಲೀಸ್ ದಾಳಿಯನ್ನು ಅಲ್ಲಿದ್ದವರು ಪ್ರತಿಭಟಿಸಿದರು. ಅದರ ನೆನಪಿಗೆ 1970ರಿಂದ ಅಮೆರಿಕದ ನಗರಗಳಲ್ಲಿ ಜೂನ್ ತಿಂಗಳಲ್ಲಿ ಮೆರವಣಿಗೆಗಳು ಆರಂಭವಾದವು. ಇವೇ ಮುಂದೆ ‘ಪ್ರೈಡ್’, ಅಂದರೆ ಸ್ವಾಭಿಮಾನದ ಉತ್ಸವ, ಎಂಬ ಹೆಸರು ಪಡೆದವು.

ಖಾಲಿಯಾದ ಪೇಟೆಗೆ ಹೊಸಬರು

ಕ್ಯಾಸ್ಟ್ರೋ ಬೀದಿಯ ಸುತ್ತಲಿನ ಪ್ರದೇಶಕ್ಕೆ ಹಿಂದೆ ಯುರೇಕಾ ವ್ಯಾಲಿ ಎಂಬ ಹೆಸರಿತ್ತು. ಐರಿಷ್ ಹಾಗೂ ಸ್ಕ್ಯಾಂಡಿನೇವಿಯನ್ ಮೂಲದ ಕಾರ್ಮಿಕ ಕುಟುಂಬಗಳು ಅಲ್ಲಿ ನೆಲೆಸಿದ್ದವು. 1960ರ ದಶಕದಿಂದ ಈ ಕುಟುಂಬಗಳು ಹೊರವಲಯದ ಬಡಾವಣೆಗಳಿಗೆ ತೆರಳತೊಡಗಿದಾಗ ಮನೆಗಳೂ ಮಳಿಗೆಗಳೂ ಅಗ್ಗದ ದರಕ್ಕೆ ದೊರೆಯುವಂತಾದವು. ಊರೂರುಗಳಿಂದ ಬಂದ ಸಲಿಂಗಿಗಳು ಆ ಹಳೆಯ ಮರದ ಮನೆಗಳನ್ನು ಕೊಂಡು ದುರಸ್ತಿ ಮಾಡಿಸಿದರು, ಅಂಗಡಿಗಳನ್ನು ತೆರೆದರು.

ಅಲ್ಲಿಯವರೆಗೆ ಸಲಿಂಗಿಗಳು ಸೇರುವ ಪಾನಗೃಹಗಳು ದಾಳಿಯ ಭಯದಿಂದ ಕಿಟಕಿಗಳನ್ನು ಮರೆಮಾಡಿಕೊಂಡು ನಡೆಯುತ್ತಿದ್ದವು. 1972ರಲ್ಲಿ ಇಬ್ಬರು ಮಹಿಳೆಯರು ಕ್ಯಾಸ್ಟ್ರೋ ಮತ್ತು ಮಾರ್ಕೆಟ್ ಬೀದಿಗಳ ಮೂಲೆಯಲ್ಲಿದ್ದ ಟ್ವಿನ್ ಪೀಕ್ಸ್ ಟ್ಯಾವರ್ನ್ ಎಂಬ ಪಾನಗೃಹವನ್ನು ಕೊಂಡು, ಬೀದಿಯಿಂದ ಒಳಗಿರುವವರು ಸ್ಪಷ್ಟವಾಗಿ ಕಾಣುವಂತೆ ದೊಡ್ಡ ಗಾಜಿನ ಕಿಟಕಿಗಳನ್ನು ಹಾಕಿಸಿದರು. ಗಿರಾಕಿಗಳು ಇಲ್ಲಿ ಅಡಗಿ ಕುಳಿತುಕೊಳ್ಳಬೇಕಾಗಿಲ್ಲ ಎಂಬ ಸಂದೇಶವನ್ನು ಅಂಗಡಿಯ ಮುಂಭಾಗವೇ ಸಾರಿತು. 2013ರಲ್ಲಿ ನಗರಾಡಳಿತವು ಈ ಕಟ್ಟಡವನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

ಹಳೆಯ ಸಂಘ, ಹೊಸ ಸಂಘ

ಹೊಸ ವರ್ತಕರನ್ನು ಹಳಬರೆಲ್ಲರೂ ಸ್ವಾಗತಿಸಲಿಲ್ಲ. 1973ರಲ್ಲಿ ಇಬ್ಬರು ಸಲಿಂಗಿಗಳು ಪುರಾತನ ವಸ್ತುಗಳ ಅಂಗಡಿ ತೆರೆಯಲು ಮುಂದಾದಾಗ ಅವರಿಗೆ ಪರವಾನಗಿ ದೊರೆಯದಂತೆ ಮಾಡಲು ಸ್ಥಳೀಯ ವರ್ತಕರ ಸಂಘವು ಯತ್ನಿಸಿತು. ಅದೇ ವರ್ಷ ತನ್ನ ಸಂಗಾತಿಯೊಡನೆ ಸಾವಿರ ಡಾಲರ್ ಬಂಡವಾಳದಲ್ಲಿ ‘ಕ್ಯಾಸ್ಟ್ರೋ ಕ್ಯಾಮೆರಾ’ ಎಂಬ ಅಂಗಡಿಯನ್ನು ತೆರೆದಿದ್ದ ಹಾರ್ವೆ ಮಿಲ್ಕ್, ಇತರ ಕೆಲವರನ್ನು ಕೂಡಿಕೊಂಡು ‘ಕ್ಯಾಸ್ಟ್ರೋ ವಿಲೇಜ್ ಅಸೋಸಿಯೇಷನ್’ ಎಂಬ ಪ್ರತ್ಯೇಕ ವರ್ತಕರ ಸಂಘವನ್ನು ಕಟ್ಟಿ ಅದರ ಅಧ್ಯಕ್ಷನಾದ. ಬಡಾವಣೆಯ ನಿವಾಸಿಗಳು ಬಡಾವಣೆಯ ಅಂಗಡಿಗಳಲ್ಲಿಯೇ ಕೊಳ್ಳಬೇಕೆಂಬುದು ಸಂಘದ ಮೊದಲ ಕರೆ.

1974ರಲ್ಲಿ ಈ ಸಂಘವು ಗಿರಾಕಿಗಳನ್ನು ಸೆಳೆಯಲೆಂದೇ ‘ಕ್ಯಾಸ್ಟ್ರೋ ಸ್ಟ್ರೀಟ್ ಫೇರ್’ ಎಂಬ ಬೀದಿ ಸಂತೆಯನ್ನು ಏರ್ಪಡಿಸಿತು. ಐದು ಸಾವಿರಕ್ಕೂ ಹೆಚ್ಚು ಜನ ಬಂದರು. ಹೊಸಬರನ್ನು ವಿರೋಧಿಸಿದ್ದ ಹಳೆಯ ಸಂಘದ ಕೆಲವು ಸದಸ್ಯರ ಅಂಗಡಿಗಳಲ್ಲಿಯೂ ಅಂದು ಹಿಂದೆಂದೂ ಕಾಣದಷ್ಟು ವ್ಯಾಪಾರ ನಡೆಯಿತು. ಇದೇ 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಗೋಲ್ಡನ್ ಗೇಟ್ ಬಿಸಿನೆಸ್ ಅಸೋಸಿಯೇಷನ್’ ಸ್ಥಾಪನೆಯಾಯಿತು. ಲೈಂಗಿಕ ಅಲ್ಪಸಂಖ್ಯಾತ ಉದ್ಯಮಿಗಳ ಮೊಟ್ಟಮೊದಲ ವಾಣಿಜ್ಯ ಮಂಡಳಿ ಎಂದು ಇದು ಪರಿಗಣಿತವಾಗಿದೆ.

ಸಂಘಟಿತ ಗಿರಾಕಿಯ ಬಲವೂ ಬೇಗನೆ ವ್ಯಕ್ತವಾಯಿತು. ಕೂರ್ಸ್ ಬಿಯರ್ ವಿರುದ್ಧ ಮುಷ್ಕರ ಹೂಡಿದ್ದ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘವು ಮಿಲ್ಕ್‌ನ ನೆರವು ಕೋರಿದಾಗ, ಆತ ಸಲಿಂಗಿಗಳ ಪಾನಗೃಹಗಳು ಆ ಬಿಯರನ್ನು ಮಾರದಂತೆ ಒಪ್ಪಿಸಿದ. ಪ್ರತಿಯಾಗಿ ಸರಕು ಸಾಗಿಸುವ ಲಾರಿಗಳಿಗೆ ಸಲಿಂಗಿ ಚಾಲಕರನ್ನೂ ನೇಮಿಸಬೇಕೆಂದು ಕೇಳಿದ. 1977ರಲ್ಲಿ ನಗರದ ಆಡಳಿತ ಮಂಡಳಿಗೆ ಆಯ್ಕೆಯಾದ ಮಿಲ್ಕ್, 1978ರ ನವೆಂಬರ್ 27ರಂದು ಮೇಯರ್ ಜಾರ್ಜ್ ಮಾಸ್ಕೋನಿಯೊಂದಿಗೆ ಹತ್ಯೆಗೀಡಾದ.

ಕಲಾವಿದನ ಧ್ವಜ, ತಯಾರಕನ ಲೆಕ್ಕ

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕಾಮನಬಿಲ್ಲಿನ ಧ್ವಜವು ಇದೇ ನಗರದಲ್ಲಿ ಕಲಾವಿದ ಗಿಲ್ಬರ್ಟ್ ಬೇಕರ್ ಅವರಿಂದ ರೂಪುಗೊಂಡಿತು. ಸುಮಾರು ಮೂವತ್ತು ಸ್ವಯಂಸೇವಕರು ಹತ್ತಿ ಬಟ್ಟೆಗೆ ಕೈಯಿಂದಲೇ ಬಣ್ಣ ಹಾಕಿ, ಹೊಲಿದು, ತಲಾ 30 ಅಡಿ ಅಗಲ, 60 ಅಡಿ ಉದ್ದದ ಎರಡು ಧ್ವಜಗಳನ್ನು ಸಿದ್ಧಪಡಿಸಿದರು. 1978ರ ಜೂನ್ 25ರ ಮೆರವಣಿಗೆಯ ದಿನ ಅವು ಮೊದಲ ಬಾರಿಗೆ ಹಾರಿದವು.

ಮೂಲ ಧ್ವಜದಲ್ಲಿ ಎಂಟು ಬಣ್ಣಗಳಿದ್ದವು. ಈಗ ಸಾಮಾನ್ಯವಾಗಿ ಕಾಣುವುದು ಆರು. ಈ ಬದಲಾವಣೆಗೆ ಕಾರಣವಾದದ್ದು ಉತ್ಪಾದನೆಯ ವಾಸ್ತವ ಸಂಗತಿಗಳೇ. ಮಿಲ್ಕ್‌ನ ಹತ್ಯೆಯ ನಂತರ ಬೇಡಿಕೆ ಏರಿದಾಗ ಕೈಯಿಂದ ಬಣ್ಣ ಹಾಕುವುದು ಸಾಧ್ಯವಾಗಲಿಲ್ಲ. ಗಾಢ ಗುಲಾಬಿ ಬಣ್ಣದ ಬಟ್ಟೆ ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲವಾದ್ದರಿಂದ ಆ ಪಟ್ಟಿಯನ್ನು ಕೈಬಿಡಲಾಯಿತು. ನಗರದ ‘ಪ್ಯಾರಮೌಂಟ್ ಫ್ಲ್ಯಾಗ್ ಕಂಪನಿ’ಯು ಏಳು ಪಟ್ಟಿಗಳ ಧ್ವಜವನ್ನು ಮಾರತೊಡಗಿತು. 1979ರಲ್ಲಿ ಮಾರ್ಕೆಟ್ ಬೀದಿಯ ದೀಪದ ಕಂಬಗಳಿಗೆ ಧ್ವಜ ಕಟ್ಟುವಾಗ ಪಟ್ಟಿಗಳ ಸಂಖ್ಯೆ ಸಮವಾಗಿರಬೇಕಾದ್ದರಿಂದ ಮತ್ತೊಂದು ಬಣ್ಣವೂ ಹೋಗಿ ಆರು ಉಳಿದವು.

ಬೇಕರ್ ತಮ್ಮ ವಿನ್ಯಾಸವನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲಿಲ್ಲ. ಅದು ಎಲ್ಲರ ಸ್ವತ್ತಾಗಿರಲಿ ಎಂಬುದು ಅವರ ನಿಲುವು. ಆದಕಾರಣ ಯಾವ ಸಣ್ಣ ತಯಾರಕನೂ ಅನುಮತಿಗೆ ಕಾಯದೆ, ರಾಯಧನ ತೆರದೆ ಧ್ವಜ, ಅಂಗಿ, ಬಿಲ್ಲೆಗಳನ್ನು ತಯಾರಿಸಬಹುದಾಯಿತು. ಧ್ವಜದ ವ್ಯಾಪಕ ಪ್ರಸಾರಕ್ಕೆ ಇದು ದೊಡ್ಡ ಕಾರಣ. ಆದರೆ ಅದರ ಮಾರಾಟದಿಂದ ಬಂದ ಲಾಭದಲ್ಲಿ ಕಲಾವಿದನಿಗೆ ಹಕ್ಕಿನ ಪಾಲು ಇರಲಿಲ್ಲವೆಂಬುದೂ ಅಷ್ಟೇ ನಿಜ. 2015ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಈ ಧ್ವಜವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಬೇಕರ್ 2017ರಲ್ಲಿ ನಿಧನರಾದರು.

ಸಂಕಷ್ಟದ ವರ್ಷಗಳು

1980ರ ದಶಕದಲ್ಲಿ ಏಡ್ಸ್ ರೋಗವು ಈ ಬಡಾವಣೆಯನ್ನು ತೀವ್ರವಾಗಿ ಬಾಧಿಸಿತು. ಗಿರಾಕಿಗಳೂ, ನೌಕರರೂ, ಮಾಲೀಕರೂ ಸಾವಿಗೀಡಾದರು. ವರ್ತಕರಿಗೂ ನೆರೆಹೊರೆಯವರಿಗೂ ಇರುವ ಸಂಬಂಧದ ಪರೀಕ್ಷೆ ನಡೆದದ್ದು ಆಗ. ರೋಗಕ್ಕೆ ಇನ್ನೂ ಹೆಸರೇ ಇಲ್ಲದಿದ್ದ 1981ರ ಕೊನೆಯಲ್ಲಿ, ದಾದಿಯಾಗಿದ್ದ ಬಾಬಿ ಕ್ಯಾಂಪ್‌ಬೆಲ್ ತನ್ನ ಕಾಲಿನ ಮೇಲೆ ಎದ್ದ ಗಾಯಗಳ ಛಾಯಾಚಿತ್ರಗಳನ್ನು ಕ್ಯಾಸ್ಟ್ರೋ ಬೀದಿಯ ‘ಸ್ಟಾರ್ ಫಾರ್ಮಸಿ’ ಎಂಬ ಔಷಧ ಅಂಗಡಿಯ ಕಿಟಕಿಯಲ್ಲಿ ಅಂಟಿಸಿ ಜನರನ್ನು ಎಚ್ಚರಿಸಿದ. ಸರಕು ತೋರಿಸುವ ಕಿಟಕಿಯು ಆರೋಗ್ಯ ಸೂಚನೆಯ ಫಲಕವಾಯಿತು.

ಮಡಿದವರ ನೆನಪಿಗೆ ಕ್ಲೀವ್ ಜೋನ್ಸ್ 1985ರಲ್ಲಿ ಕಲ್ಪಿಸಿದ ಸ್ಮಾರಕ ಕೌದಿಯ ಹೊಲಿಗೆಯೂ ಮಾರ್ಕೆಟ್ ಬೀದಿಯ ಒಂದು ಮಳಿಗೆಯಲ್ಲಿಯೇ ನಡೆಯಿತು. ಹೊಲಿಗೆ ಯಂತ್ರಗಳು, ಇತರ ಉಪಕರಣಗಳು ದಾನವಾಗಿ ಬಂದವು. ಪ್ರತಿಯೊಬ್ಬ ಮೃತರ ಹೆಸರಿಗೆ 3 ಅಡಿ ಅಗಲ, 6 ಅಡಿ ಉದ್ದದ ಒಂದು ತುಂಡು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು.

ಉತ್ಸವವು ಕೈಮೀರಿದಾಗ

ಜನಸಂದಣಿ ಹೆಚ್ಚಿದಂತೆಲ್ಲ ವ್ಯಾಪಾರ ಹೆಚ್ಚುತ್ತದೆಂಬ ಎಣಿಕೆ ಸದಾ ನಿಜವಾಗುವುದಿಲ್ಲ. 1936ರಿಂದ ನಡೆದುಬಂದಿರುವ ‘ಕ್ಲಿಫ್ಸ್ ವೆರೈಟಿ’ ಎಂಬ ಕಬ್ಬಿಣ ಸಾಮಾನಿನ ಅಂಗಡಿಯವರು 1940ರ ದಶಕದಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಮಕ್ಕಳ ವೇಷಭೂಷಣ ಸ್ಪರ್ಧೆಯನ್ನು ಆರಂಭಿಸಿದ್ದರು. ಕಾಲಕ್ರಮೇಣ ಅದು ವಯಸ್ಕರ ಭಾರಿ ಬೀದಿ ಉತ್ಸವವಾಗಿ ಬೆಳೆದು, ಸ್ಥಳೀಯರಿಗಿಂತ ಹೊರಗಿನವರೇ ಹೆಚ್ಚಾಗಿ ಸೇರತೊಡಗಿದರು. 2006ರಲ್ಲಿ ಅಲ್ಲಿ ಗುಂಡು ಹಾರಿ ಒಂಬತ್ತು ಮಂದಿ ಗಾಯಗೊಂಡರು. 2007ರಲ್ಲಿ ನಗರಾಡಳಿತವು ಉತ್ಸವವನ್ನು ನಿಲ್ಲಿಸಿ, ಆ ರಾತ್ರಿ ಅಂಗಡಿ ಹಾಗೂ ಪಾನಗೃಹಗಳನ್ನು ಬೇಗ ಮುಚ್ಚುವಂತೆ ಕೋರಿತು. ವ್ಯಾಪಾರಕ್ಕೆಂದು ಬೆಳೆದ ದಿನವೇ ಬಾಗಿಲು ಹಾಕುವ ದಿನವಾಯಿತು.

1974ರ ಬೀದಿ ಸಂತೆಯಾದರೋ ಇಂದಿಗೂ ಅಕ್ಟೋಬರ್ ತಿಂಗಳಲ್ಲಿ ನಡೆಯುತ್ತಿದೆ. ಪ್ರವೇಶದ್ವಾರಗಳಲ್ಲಿ ಸಂಗ್ರಹವಾದ ದೇಣಿಗೆಯು ಸ್ಥಳೀಯ ಸೇವಾ ಸಂಸ್ಥೆಗಳಿಗೆ ಸಲ್ಲುತ್ತದೆ. ಒಂದು ಉತ್ಸವಕ್ಕೆ ಬಡಾವಣೆಯಲ್ಲಿ ಹೊಣೆಗಾರರಿದ್ದರು; ಇನ್ನೊಂದಕ್ಕೆ ಕೊನೆಯಲ್ಲಿ ಹೊಣೆಗಾರರೇ ಇಲ್ಲವಾದರು.

ಖರ್ಚಿನ ಹಂಚಿಕೆ

ಬೀದಿಯ ನಿತ್ಯದ ನಿರ್ವಹಣೆಗಾಗಿ 2005ರಲ್ಲಿ ಇಲ್ಲಿ ‘ಸಮುದಾಯ ಪ್ರಯೋಜನ ವಲಯ’ವೊಂದನ್ನು ರಚಿಸಲಾಯಿತು. ಇದರ ಕ್ರಮ ಹೀಗಿದೆ: ವಲಯದ ಸ್ವತ್ತುಗಳ ಮಾಲೀಕರು ಮತದಾನದ ಮೂಲಕ ತಮ್ಮ ಮೇಲೆ ತಾವೇ ಒಂದು ವಿಶೇಷ ಶುಲ್ಕವನ್ನು ವಿಧಿಸಿಕೊಳ್ಳುತ್ತಾರೆ. ಮತದ ತೂಕವು ಅವರು ತೆರುವ ಶುಲ್ಕಕ್ಕೆ ಅನುಗುಣವಾಗಿರುತ್ತದೆ. ನಗರಾಡಳಿತವು ಆಸ್ತಿ ತೆರಿಗೆಯೊಂದಿಗೆ ಈ ಹಣವನ್ನು ವಸೂಲು ಮಾಡಿ, ಲಾಭೋದ್ದೇಶವಿಲ್ಲದ ಸ್ಥಳೀಯ ಸಂಸ್ಥೆಗೆ ಒಪ್ಪಿಸುತ್ತದೆ. ಕಾಲುದಾರಿಯ ಸ್ವಚ್ಛತೆ, ಕಾವಲು, ಪ್ರಚಾರ ಮುಂತಾದವು ಇದರಿಂದ ನಡೆಯುತ್ತವೆ. 2014ರಲ್ಲಿ ನಗರಾಡಳಿತವು ಕ್ಯಾಸ್ಟ್ರೋ ಬೀದಿಯ ಕಾಲುದಾರಿಗಳನ್ನು ಅಗಲಗೊಳಿಸಿದಾಗ 18ನೆಯ ಬೀದಿಯ ಕೂಡುರಸ್ತೆಯಲ್ಲಿ ಕಾಮನಬಿಲ್ಲಿನ ಬಣ್ಣದ ಪಾದಚಾರಿ ಪಟ್ಟಿಗಳೂ ಮೂಡಿದವು.

ಅದೇ ವರ್ಷ ಅದೇ ಕಾಲುದಾರಿಗಳಲ್ಲಿ ‘ರೇನ್‌ಬೋ ಆನರ್ ವಾಕ್’ ಎಂಬ ಗೌರವ ಪಥದ ಮೊದಲ ಇಪ್ಪತ್ತು ಕಂಚಿನ ಫಲಕಗಳನ್ನು ಅಳವಡಿಸಲಾಯಿತು. ಚಿತ್ರಕಲಾವಿದರಾದ ಫ್ರೀಡಾ ಕಾಲೋ ಮತ್ತು ಕೀತ್ ಹ್ಯಾರಿಂಗ್, ಲೇಖಕರಾದ ಆಸ್ಕರ್ ವೈಲ್ಡ್, ವರ್ಜೀನಿಯಾ ವುಲ್ಫ್ ಮತ್ತು ಜೇಮ್ಸ್ ಬಾಲ್ಡ್‌ವಿನ್, ಇದೇ ನಗರದ ಗಾಯಕ ಸಿಲ್ವೆಸ್ಟರ್ ಮೊದಲಾದವರ ಹೆಸರುಗಳು ಅಲ್ಲಿವೆ. ಇದಕ್ಕೆ ಬೇಕಾದ ಹಣವನ್ನು ಖಾಸಗಿ ದೇಣಿಗೆಗಳಿಂದ ಕೂಡಿಸಲಾಯಿತು. ಉತ್ಸವದ ದಿನಕ್ಕೆ ಮಾತ್ರ ಸೀಮಿತವಾದ ಅಲಂಕಾರಕ್ಕೂ ಇದಕ್ಕೂ ವ್ಯತ್ಯಾಸವಿದೆ. ಫಲಕಗಳನ್ನು ಓದುತ್ತ ಸಾಗುವವರು ವರ್ಷದ ಯಾವ ದಿನವಾದರೂ ಅಂಗಡಿಗಳ ಮುಂದೆಯೇ ನಡೆಯುತ್ತಾರೆ.

ಬಾಡಿಗೆಯ ಪ್ರಶ್ನೆ

ಬೀದಿಗೆ ಹೆಸರು ಬಂದಂತೆ ಬಾಡಿಗೆಯೂ ಏರುತ್ತದೆ. ಹೆಸರು ತಂದ ಸಣ್ಣ ಅಂಗಡಿಯೇ ಜಾಗ ತೆರವು ಮಾಡಬೇಕಾಗುತ್ತದೆ. ಕ್ಯಾಸ್ಟ್ರೋದಲ್ಲಿಯೂ ಈ ಆತಂಕವಿದೆ. ಸ್ಯಾನ್ ಫ್ರಾನ್ಸಿಸ್ಕೋ ನಗರವು ಇದಕ್ಕೆ ಎರಡು ಉಪಾಯಗಳನ್ನು ಕೈಗೊಂಡಿತು. ಮೊದಲನೆಯದು, 2006ರಲ್ಲಿ ಮತದಾರರು ಒಪ್ಪಿದ ನಿಯಮ. ಇದರ ಪ್ರಕಾರ 11 ಅಥವಾ ಅದಕ್ಕೂ ಹೆಚ್ಚು ಮಳಿಗೆಗಳಿರುವ ಸರಣಿ ಸಂಸ್ಥೆಗಳು ಬಡಾವಣೆಯ ಪೇಟೆಗಳಲ್ಲಿ ಹೊಸ ಮಳಿಗೆ ತೆರೆಯಲು ಸಾರ್ವಜನಿಕ ವಿಚಾರಣೆಯ ನಂತರ ವಿಶೇಷ ಅನುಮತಿ ಪಡೆಯಬೇಕು. ಎರಡನೆಯದು, 2015ರಲ್ಲಿ ಮತದಾರರು ಒಪ್ಪಿದ ಪಾರಂಪರಿಕ ಉದ್ಯಮಗಳ ನಿಧಿ. ಸಾಮಾನ್ಯವಾಗಿ 30 ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದು ಬಡಾವಣೆಯ ಗುರುತಿಗೆ ಕಾರಣವಾದ ಉದ್ಯಮಗಳಿಗೆ ಸಹಾಯಧನ ನೀಡುವುದರ ಜೊತೆಗೆ, ಅಂಥವರಿಗೆ ಹತ್ತು ವರ್ಷಗಳ ಗುತ್ತಿಗೆ ನೀಡುವ ಕಟ್ಟಡ ಮಾಲೀಕರಿಗೂ ಪ್ರೋತ್ಸಾಹಧನ ಕೊಡುವ ಯೋಜನೆಯಿದು. ಬಾಡಿಗೆದಾರನಿಗೆ ಮಾತ್ರ ನೆರವು ನೀಡಿದರೆ ಅದು ಏರಿದ ಬಾಡಿಗೆಯಲ್ಲಿಯೇ ಕರಗಿಹೋಗಬಹುದೆಂಬ ಅರಿವು ಇದರ ಹಿಂದಿದೆ. 2019ರಲ್ಲಿ ನಗರಾಡಳಿತವು ಕ್ಯಾಸ್ಟ್ರೋವನ್ನು ಲೈಂಗಿಕ ಅಲ್ಪಸಂಖ್ಯಾತರ ಸಾಂಸ್ಕೃತಿಕ ವಲಯವೆಂದು ಘೋಷಿಸಿತು.

ಗಮನಿಸಬೇಕಾದ ಅಂಶಗಳು

ಈ ಅನುಭವದಿಂದ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಕೆಲವು ಅಂಶಗಳನ್ನು ಗ್ರಹಿಸಬಹುದು. ಉತ್ಸವದ ಸೂತ್ರ ಸ್ಥಳೀಯ ವರ್ತಕರ ಸಂಘದ ಕೈಯಲ್ಲಿರಬೇಕು. ಅದರ ಗಾತ್ರಕ್ಕೆ ಒಂದು ಮಿತಿ ಇರಬೇಕು. ಬೀದಿಯ ನಿರ್ವಹಣೆಯ ವೆಚ್ಚವನ್ನು ಅದರಿಂದ ಪ್ರಯೋಜನ ಪಡೆಯುವವರು ಹಂಚಿಕೊಳ್ಳಬೇಕು. ಕಲಾವಿದರಿಂದ ವಿನ್ಯಾಸ ಪಡೆಯುವ ತಯಾರಕರು ಹಕ್ಕು ಹಾಗೂ ಸಂಭಾವನೆಯ ವಿಷಯವನ್ನು ಮೊದಲೇ ಮಾತನಾಡಿಕೊಳ್ಳುವುದು ಉಭಯತರಿಗೂ ಕ್ಷೇಮ. ಬಾಡಿಗೆಯ ಕರಾರುಗಳನ್ನು ಬೀದಿಗೆ ಹೆಸರು ಬರುವ ಮೊದಲೇ ದೀರ್ಘಾವಧಿಗೆ ಭದ್ರಪಡಿಸಿಕೊಳ್ಳಬೇಕು.

ಇವೆಲ್ಲಕ್ಕೂ ಮೂಲವಾದ ಸಂಗತಿ ಮತ್ತೊಂದಿದೆ. 1973ರಲ್ಲಿ ಹಳೆಯ ಸಂಘವು ಯಾರಿಗೆ ಪರವಾನಗಿ ದೊರೆಯಬಾರದೆಂದು ಯತ್ನಿಸಿತೋ, ಮರುವರ್ಷ ಅಂಥವರು ನಡೆಸಿದ ಸಂತೆಯೇ ಅದರ ಸದಸ್ಯರ ಗಲ್ಲಾಪೆಟ್ಟಿಗೆಯನ್ನು ತುಂಬಿತು. ಬೀದಿಗೆ ಬರುವವರಲ್ಲಿ ಯಾರು ಗಿರಾಕಿ, ಯಾರು ಸಹವರ್ತಕ ಎಂಬುದನ್ನು ಹುಟ್ಟು, ರೂಢಿ, ಬದುಕಿನ ರೀತಿಗಳನ್ನು ನೋಡಿ ಮೊದಲೇ ನಿರ್ಧರಿಸುವ ಪೇಟೆಯು, ತನ್ನ ವ್ಯಾಪಾರದ ಒಂದು ಭಾಗವನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ.