ಗೇಟು ಮುಚ್ಚಿದ ಮೇಲಿನ ಟಿಕೆಟ್: ಕೊಟ್ಟ ಹಣಕ್ಕೆ ಬೆಲೆ ಉಂಟಾ?

ನಮ್ಮವರು ರಜೆಗೆ ಹೋಗುವ ಊರುಗಳ ಪಟ್ಟಿ ಈಗ ಉದ್ದವಾಗಿದೆ. ಒಂದು ಕಾಲದಲ್ಲಿ ಗಲ್ಫ್‌ನಲ್ಲಿ ದುಡಿಯುವವನಿಗೆ ರಜೆ ಎಂದರೆ ಊರಿಗೆ ಬರುವುದು, ಮದುವೆ-ಮನೆ ಕೆಲಸ ಮುಗಿಸುವುದು, ವಾಪಸ್ ವಿಮಾನ ಹತ್ತುವುದು, ಅಷ್ಟೇ. ಈಗ ಹಾಗಲ್ಲ. ದುಬೈ, ಅಬುಧಾಬಿಯಲ್ಲಿ ಕುಟುಂಬ ಸಮೇತ ಇರುವವರು ಉಂಟು, ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೋಗುವ ಉಮ್ಮ-ಉಪ್ಪಂದಿರೂ ಉಂಟು. ಅಂಥವರ ಪ್ರವಾಸದಲ್ಲಿ ಫ್ಲೋರಿಡಾದ ಒರ್ಲ್ಯಾಂಡೊ ಎಂಬ ಊರು ಹೇಗಾದರೂ ಬಂದೇ ಬರುತ್ತದೆ. ಕಾರಣ ಒಂದೇ, ಮಕ್ಕಳು. ಮಕ್ಕಳಿಗೆ ಅಲ್ಲಿನ ವಾಲ್ಟ್ ಡಿಸ್ನಿ ವರ್ಲ್ಡ್ ನೋಡಬೇಕು.

ಅಲ್ಲಿಗೆ ಟಿಕೆಟ್ ಮಾಡಲು ಕೂತರೆ ಒಂದು ಹೊಸ ತಲೆಬಿಸಿ. ಹಗಲಿನ ಟಿಕೆಟ್ ಬೇರೆ, ಗೇಟು ಮುಚ್ಚಿದ ಮೇಲಿನ ಟಿಕೆಟ್ ಬೇರೆ. ಎರಡನೆಯದರ ಹೆಸರು 'ಡಿಸ್ನಿ ಆಫ್ಟರ್ ಅವರ್ಸ್'. ಸಾಮಾನ್ಯ ಜನ ಹೊರಗೆ ಹೋದ ಮೇಲೆ, ಲೆಕ್ಕ ಹಾಕಿ ಮಾರಿದ ಕೆಲವೇ ಟಿಕೆಟ್‌ನವರಿಗೆ ಮೂರು ಗಂಟೆ ಪಾರ್ಕ್ ತೆರೆದಿಡುತ್ತಾರೆ. ಬೆಲೆ ಒಬ್ಬರಿಗೆ ಸುಮಾರು 150ರಿಂದ 200 ಡಾಲರ್. ಮೂರು ಗಂಟೆಗೆ ಇಷ್ಟು ಕೊಡುವುದು ಬುದ್ಧಿಯಾ, ಇಲ್ಲ ದುಂದಾ? ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳುವ ಮೊದಲು ನಾವು ಅಲ್ಲಿ ಖರೀದಿಸುವುದು ಏನನ್ನು ಎಂದು ತಿಳಿಯಬೇಕು.

ಸಾಲು ಬೆಲೆಯಾದ ಕತೆ

ನಮ್ಮೂರಿನ ಉರೂಸ್‌ನಲ್ಲೋ, ಮಂಗಳೂರಿನ ವಸ್ತುಪ್ರದರ್ಶನದಲ್ಲೋ ಜೈಂಟ್ ವ್ಹೀಲ್ ಹತ್ತುವ ಲೆಕ್ಕ ಸರಳ. ಒಂದು ಸಲ ಹತ್ತಲು ಒಂದು ಟಿಕೆಟ್. ಇನ್ನೊಂದು ಸಲ ಬೇಕಾ, ಇನ್ನೊಂದು ಟಿಕೆಟ್. ಉಪ್ಪನ ಕಿಸೆಯಲ್ಲಿ ಎಷ್ಟುಂಟೋ ಅಷ್ಟು ಸುತ್ತು.

ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆದಾಗ ಅಲ್ಲಿಯೂ ಹೆಚ್ಚುಕಡಿಮೆ ಇದೇ ಲೆಕ್ಕ. ದೊಡ್ಡವರಿಗೆ ಒಳಗೆ ಹೋಗಲು ಮೂರೂವರೆ ಡಾಲರ್. ರೈಡ್‌ಗಳಿಗೆ ಬೇರೆ ಚೀಟಿ. ಆ ಚೀಟಿಗಳಿಗೆ 'ಎ'ಯಿಂದ 'ಇ'ವರೆಗೆ ದರ್ಜೆ. ದೊಡ್ಡ ರೈಡ್‌ಗೆ 'ಇ' ಚೀಟಿ ಬೇಕು. 1980ರ ದಶಕದ ಆರಂಭದಲ್ಲಿ ಈ ಚೀಟಿ ಪುಸ್ತಕ ಹೋಯಿತು. ಒಂದೇ ಟಿಕೆಟ್, ಒಳಗೆ ಎಲ್ಲವೂ ಫ್ರೀ.

ಕೇಳಲು ಎಷ್ಟು ಚೆಂದ! ಆದರೆ ಎಲ್ಲ ರೈಡ್‌ಗೂ ಒಂದೇ ಬೆಲೆ ಎಂದಾದಾಗ ಎಲ್ಲರೂ ಒಳ್ಳೆಯ ರೈಡ್‌ಗೇ ಹೋಗಿ ನಿಲ್ಲುತ್ತಾರೆ. ಒಂದು ರೈಡ್ ಗಂಟೆಗೆ ಇಷ್ಟೇ ಜನರನ್ನು ಸುತ್ತಿಸಬಹುದು ಎಂಬ ಮಿತಿ ಉಂಟು. ಉಳಿದವರು ನಿಲ್ಲಬೇಕು. ಹಣದ ಬದಲು ಸಮಯ ಕೊಡಬೇಕು. ಮ್ಯಾಜಿಕ್ ಕಿಂಗ್‌ಡಮ್‌ನ ಪೀಟರ್ ಪ್ಯಾನ್ ರೈಡ್ ಮೂರು ನಿಮಿಷದ ಆಸುಪಾಸಿನದ್ದು. 2014ರಲ್ಲಿ ಬಂದ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಕೂಡ ಅಷ್ಟೇ ಹೊತ್ತಿನದ್ದು. ರಶ್ಶಿನ ದಿನ ಇವುಗಳಿಗೆ ಒಂದು ಗಂಟೆ ಸಾಲು ನಿಲ್ಲುವುದು ಸಾಮಾನ್ಯ. ಮೂರು ನಿಮಿಷಕ್ಕೆ ಅರವತ್ತು ನಿಮಿಷ.

1999ರಲ್ಲಿ ಕಂಪೆನಿ 'ಫಾಸ್ಟ್‌ಪಾಸ್' ತಂದಿತು. ನಿಮ್ಮ ಹೊತ್ತಿಗೆ ಬಂದು ಬೇಗ ಹತ್ತಿ ಎಂಬ ವ್ಯವಸ್ಥೆ, ಅದೂ ಉಚಿತ. ಕೋವಿಡ್ ಬಂದಾಗ ಅದು ನಿಂತಿತು. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ಬಂದ ವ್ಯವಸ್ಥೆಗೆ ಹಣ ಕೊಡಬೇಕು. ಈಗ 'ಲೈಟ್ನಿಂಗ್ ಲೇನ್' ಎನ್ನುವುದು ಅದನ್ನೇ. ನಮ್ಮಲ್ಲೂ ಬಿಡದಿ ಬಳಿಯ ವಂಡರ್‌ಲಾಕ್ಕೆ ಹೋದವರಿಗೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಎಂದರೆ ಏನೆಂದು ಗೊತ್ತು. ಮಾಲು ಅದೇ, ಸಾಲಿಗೆ ಮಾತ್ರ ಬೆಲೆ.

ರಾತ್ರಿಯ ಟಿಕೆಟ್ ಕೂಡ ಇದೇ ದಾರಿಯಲ್ಲಿ ಬಂದದ್ದು. 1990ರ ದಶಕದ ಕೊನೆಯಲ್ಲಿ ಡಿಸ್ನಿ ಹೋಟೆಲ್‌ಗಳಲ್ಲಿ ತಂಗಿದವರಿಗೆ 'ಇ-ರೈಡ್ ನೈಟ್ಸ್' ಎಂಬ ರಾತ್ರಿ ಅವಕಾಶ ಇತ್ತು. ಹೆಚ್ಚುವರಿ ಕೊಡಬೇಕಾದದ್ದು ಹತ್ತು ಡಾಲರ್‌ನ ಆಸುಪಾಸು. 2016ರಲ್ಲಿ 'ಆಫ್ಟರ್ ಅವರ್ಸ್' ಶುರುವಾದಾಗ ಬೆಲೆ 149 ಡಾಲರ್. ಹಗಲಿನ ಸಾಲು ಉದ್ದವಾದಷ್ಟೂ ರಾತ್ರಿಯ ಖಾಲಿ ದಾರಿಗೆ ಬೆಲೆ ಏರಿದೆ. ಆದ್ದರಿಂದ ಈ ಟಿಕೆಟ್‌ನಲ್ಲಿ ನಾವು ಖರೀದಿಸುವುದು ರೈಡ್ ಅಲ್ಲ, ಸಾಲಿನಲ್ಲಿ ನಿಲ್ಲದ ಸಮಯ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭ.

ಏನು ಸಿಗುತ್ತದೆ?

ಟಿಕೆಟ್ ಇದ್ದವರನ್ನು ಸಂಜೆ 7ಕ್ಕೇ ಒಳಗೆ ಬಿಡುತ್ತಾರೆ. ಹಗಲಿನ ಟಿಕೆಟ್ ಬೇರೆ ಬೇಡ. ಪಾರ್ಕ್ ಸಾಮಾನ್ಯ ಜನರಿಗೆ ಮುಚ್ಚಿದ ಮೇಲೆ, ಉದಾಹರಣೆಗೆ 10 ಗಂಟೆಗೆ, ನಿಜವಾದ ಮೂರು ಗಂಟೆ ಶುರು. ಮುಗಿಯುವಾಗ ರಾತ್ರಿ 1. ಐಸ್‌ಕ್ರೀಮ್, ಪಾಪ್‌ಕಾರ್ನ್, ಕೆಲವು ತಂಪು ಪಾನೀಯ ಟಿಕೆಟ್‌ನಲ್ಲೇ ಸೇರಿವೆ. ದೊಡ್ಡ ರೈಡ್‌ಗಳಲ್ಲಿ ಹೆಚ್ಚಿನವು ಓಡುತ್ತಿರುತ್ತವೆ. ಹಗಲು ಗಂಟೆಗಟ್ಟಲೆ ನಿಂತದ್ದಕ್ಕೆ ರಾತ್ರಿ ಹತ್ತು-ಹದಿನೈದು ನಿಮಿಷ, ಕೆಲವಕ್ಕೆ ನೇರ ನಡೆದುಕೊಂಡೇ ಹೋಗಿ ಹತ್ತಬಹುದು.

ಒಂದು ಸೂಕ್ಷ್ಮ ಉಂಟು. ಮೂರು ವರ್ಷ ದಾಟಿದ ಮಗುವಿಗೂ ದೊಡ್ಡವರಿಗೂ ಇಲ್ಲಿ ಒಂದೇ ಬೆಲೆ. ನಾಲ್ಕು ವರ್ಷದ ಮಗು ಹತ್ತು ಗಂಟೆಗೆ ತಳ್ಳುಗಾಡಿಯಲ್ಲಿ ನಿದ್ದೆ ಹೋದರೂ ಅದರ ಟಿಕೆಟ್ ಪೂರ್ತಿ ಟಿಕೆಟ್ಟೇ.

ಮನೆ ಲೆಕ್ಕ

ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂತ ಇಟ್ಟುಕೊಳ್ಳೋಣ. ಟಿಕೆಟ್ ಒಂದಕ್ಕೆ 175 ಡಾಲರ್ ಹಿಡಿದರೆ ನಾಲ್ವರಿಗೆ 700. ಅಲ್ಲಿನ ಮಾರಾಟ ತೆರಿಗೆ ಶೇ. 6.5 ಸೇರಿದರೆ ಸುಮಾರು 745 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಕಡಿಮೆ ಹಿಡಿದರೂ 63 ಸಾವಿರ ರೂಪಾಯಿ ದಾಟಿತು. ಮೂರು ಗಂಟೆಗೆ ಹಂಚಿದರೆ ನಿಮಿಷಕ್ಕೆ 350 ರೂಪಾಯಿ. ಎಣಿಸಿದರೆ ಎದೆ ಢವಢವ ಅನ್ನುವ ಮೊತ್ತ.

ಈಗ ಇನ್ನೊಂದು ಕಡೆಯಿಂದ ನೋಡುವ. ಒಬ್ಬರಿಗೆ ತೆರಿಗೆ ಸೇರಿ ಸುಮಾರು 186 ಡಾಲರ್. ಚುರುಕಾಗಿ ಓಡಾಡಿ ಆ ಮೂರು ಗಂಟೆಯಲ್ಲಿ ಹತ್ತು ರೈಡ್ ಮುಗಿಸಿದರೆ ಒಂದಕ್ಕೆ ಸುಮಾರು 1,580 ರೂಪಾಯಿ ಬಿತ್ತು. ಮಗು ಅಳುತ್ತಾ, ಅದನ್ನು ಎತ್ತಿಕೊಂಡು, ನಾಲ್ಕೇ ರೈಡ್ ಮುಗಿಸಿದರೆ ಒಂದಕ್ಕೆ 3,960. ಅದೇ ಟಿಕೆಟ್, ಅದೇ ರಾತ್ರಿ, ಬೆಲೆ ಮಾತ್ರ ಎರಡೂವರೆ ಪಟ್ಟು. ಹೀಗಾಗಿ 'ಡಿಸ್ನಿ ರಾತ್ರಿ ಟಿಕೆಟ್ ಒಳ್ಳೆಯದಾ?' ಎಂದು ಬೇರೆಯವರನ್ನು ಕೇಳಿ ಪ್ರಯೋಜನ ಇಲ್ಲ. ನಮ್ಮ ಮಕ್ಕಳು ರಾತ್ರಿ ಎಷ್ಟು ಗಂಟೆವರೆಗೆ ಖುಷಿಯಲ್ಲಿ ಎಚ್ಚರ ಇರುತ್ತಾರೆ ಎಂಬುದು ನಮಗೇ ಗೊತ್ತಿರುವುದು.

ಹಗಲಿನ ಒಂದು ದಿನದ ಟಿಕೆಟ್ ಕೂಡ ಅಗ್ಗವಲ್ಲ. ದಿನ ನೋಡಿ, ಪಾರ್ಕ್ ನೋಡಿ 120ರಿಂದ 200 ಡಾಲರ್ ಆಸುಪಾಸು. ಹಾಗಾಗಿ ಒರ್ಲ್ಯಾಂಡೊದಲ್ಲಿ ಒಂದೇ ದಿನ ಇರುವವರು, ಬೇರೆ ಕೆಲಸಕ್ಕೆ ಬಂದು ಒಂದು ಸಂಜೆ ಮಾತ್ರ ಬಿಡುವು ಇರುವವರು ಹಗಲಿನ ಟಿಕೆಟ್ ಬಿಟ್ಟು ರಾತ್ರಿಯದ್ದನ್ನೇ ತೆಗೆದುಕೊಂಡರೆ ನಷ್ಟ ಇಲ್ಲ, ಲಾಭವೇ. ಸಂಜೆ 7ರಿಂದ ರಾತ್ರಿ 1ರವರೆಗೆ ಆರು ಗಂಟೆ ಸಿಕ್ಕಿತು, ಸುಡುಮದ್ದು ಪ್ರದರ್ಶನವೂ ಸಿಕ್ಕಿತು, ಸುಡು ಬಿಸಿಲೂ ತಪ್ಪಿತು.

ನಾಲ್ಕೈದು ದಿನ ಇರುವವರ ಲೆಕ್ಕ ಬೇರೆ. ಅಲ್ಲಿ ಹೆಚ್ಚು ದಿನದ ಟಿಕೆಟ್ ಒಟ್ಟಿಗೆ ತೆಗೆದರೆ ದಿನಕ್ಕೆ ಬೀಳುವ ದರ ಇಳಿಯುತ್ತಾ ಹೋಗುತ್ತದೆ. ನಾಲ್ಕನೇ ದಿನದ ಮೇಲೆ ಐದನೇ ದಿನ ಸೇರಿಸಲು ಬೀಳುವ ಹಣ, ಮೊದಲ ದಿನದ ಹಣಕ್ಕಿಂತ ತುಂಬಾ ಕಡಿಮೆ. ಇಂಥವರು ರಾತ್ರಿಯ ಟಿಕೆಟ್ ಬದಲು ಇನ್ನೊಂದು ದಿನ ಸೇರಿಸಿಕೊಳ್ಳುವುದು ವಾಸಿ.

ಪಾರ್ಟಿ ರಾತ್ರಿ ಬೇರೆ ವಿಷಯ

ಆಫ್ಟರ್ ಅವರ್ಸ್ ಅಂತ ತಿಳಿದು ಕೆಲವರು ತೆಗೆದುಕೊಳ್ಳುವುದು ಪಾರ್ಟಿ ಟಿಕೆಟ್. ಎರಡೂ ಒಂದಲ್ಲ. ಕ್ರಿಸ್‌ಮಸ್ ಪಾರ್ಟಿ 1983ರಿಂದ, ಹ್ಯಾಲೋವೀನ್ ಪಾರ್ಟಿ 1995ರಿಂದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಡೆಯುತ್ತಾ ಬಂದಿವೆ. ಸಂಜೆ 7ರಿಂದ ನಡುರಾತ್ರಿವರೆಗೆ. ಅಲ್ಲಿಗೆ ಜನ ಬರುವುದು ವಿಶೇಷ ಮೆರವಣಿಗೆ, ವೇಷಧಾರಿಗಳ ಜೊತೆ ಫೋಟೊ, ಮಿಠಾಯಿ ಇವುಗಳಿಗೆ. ಆ ಫೋಟೊಗಳಿಗೇ ಮತ್ತೆ ಉದ್ದದ ಸಾಲು. ಸಾಲು ತಪ್ಪಿಸಲು ಹಣ ಕೊಟ್ಟವನು ಇನ್ನೊಂದು ಸಾಲಿನಲ್ಲಿ ನಿಂತರೆ ಎಂತ ಬಂತು? 2023ರ ನವೆಂಬರ್‌ನಲ್ಲಿ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಲ್ಲಿ ಶುರುವಾದ 'ಜಾಲಿವುಡ್ ನೈಟ್ಸ್'ನ ಮೊದಲ ರಾತ್ರಿ ಊಟಕ್ಕೂ ಪ್ರದರ್ಶನಕ್ಕೂ ಉದ್ದದ ಸಾಲು ಎಂದು ದೂರು ಬಂದು, ವ್ಯವಸ್ಥೆ ಬದಲಾಯಿಸಬೇಕಾಯಿತು. ರೈಡ್ ಬೇಕಾದವರಿಗೆ ಆಫ್ಟರ್ ಅವರ್ಸ್, ಹಬ್ಬದ ಸಡಗರ ನೋಡಬೇಕಾದವರಿಗೆ ಪಾರ್ಟಿ. ಟಿಕೆಟ್ ಮಾಡುವ ಮೊದಲೇ ಹೆಸರು ಸರಿಯಾಗಿ ನೋಡಿಕೊಳ್ಳಿ.

ಪಾರ್ಟಿ ಟಿಕೆಟ್ ತೆಗೆದುಕೊಳ್ಳದವರ ಮೇಲೂ ಇದರ ಹೊರೆ ಬೀಳುತ್ತದೆ. ಪಾರ್ಟಿ ಇರುವ ದಿನ ಮ್ಯಾಜಿಕ್ ಕಿಂಗ್‌ಡಮ್ ಹಗಲಿನ ಟಿಕೆಟ್‌ನವರಿಗೆ ಸಂಜೆ 6ಕ್ಕೇ ಮುಚ್ಚುತ್ತದೆ. ಇಡೀ ದಿನದ ಹಣ ಕೊಟ್ಟವನು ರಾತ್ರಿಯ ದೀಪ, ಸುಡುಮದ್ದು ನೋಡದೆ ಹೊರಗೆ ನಡೆಯಬೇಕು. ಸಾಲ ಮಾಡಿ, ಕೂಡಿಟ್ಟು, ಜೀವನದಲ್ಲಿ ಒಂದೇ ಸಲ ಹೋಗುವ ಕುಟುಂಬಕ್ಕೆ ಇದು ಸಣ್ಣ ವಿಷಯ ಅಲ್ಲ. ನಮ್ಮ ದೃಷ್ಟಿಯಲ್ಲಿ ಇದು ನ್ಯಾಯವೂ ಅಲ್ಲ. ಒಂದೇ ರಾತ್ರಿಯನ್ನು ಹಗಲಿನವರಿಂದ ಕಿತ್ತು ಇನ್ನೊಬ್ಬರಿಗೆ ಮಾರಿದ ಹಾಗೆ ಆಯಿತು. ಹೋಗುವ ಮೊದಲು ಆ ದಿನ ಪಾರ್ಟಿ ಉಂಟಾ ಎಂದು ಕಂಪೆನಿಯ ಕ್ಯಾಲೆಂಡರ್ ನೋಡಿಕೊಳ್ಳಲೇಬೇಕು. ರಾತ್ರಿಯ ಸೊಬಗು ಬೇಡ, ರೈಡ್ ಸಾಕು ಅನ್ನುವವರಿಗೆ ಅದೇ ದಿನ ಅನುಕೂಲವೂ ಹೌದು. ಬೇಗ ಮುಚ್ಚುವ ದಿನ ಬೇಡವೆಂದು ಹಲವರು ದೂರ ಉಳಿಯುವುದರಿಂದ ಹಗಲು ಸಾಲು ಸ್ವಲ್ಪ ಚಿಕ್ಕದಿರುತ್ತದೆ.

ದೂರದಿಂದ ಹೋಗುವವರು ಗಮನಿಸಿ

ಬೇಸಿಗೆಯಲ್ಲಿ ಒರ್ಲ್ಯಾಂಡೊದಲ್ಲಿ ರಾತ್ರಿ 10 ಗಂಟೆ ಎಂದರೆ ಮಂಗಳೂರಿನಲ್ಲಿ ಮರುದಿನ ಬೆಳಗ್ಗೆ 7:30, ದುಬೈಯಲ್ಲಿ ಬೆಳಗ್ಗೆ 6. ಈಗಷ್ಟೇ ವಿಮಾನ ಇಳಿದವರ ದೇಹಕ್ಕೆ ಅದು ಇಡೀ ರಾತ್ರಿ ನಿದ್ದೆಗೆಟ್ಟ ಬೆಳಗು. ಹೋದ ಮೊದಲ ಎರಡು-ಮೂರು ದಿನಕ್ಕೆ ಈ ಟಿಕೆಟ್ ಇಟ್ಟುಕೊಳ್ಳುವುದು ಬೇಡವೇ ಬೇಡ. ಅಲ್ಲಿಯೇ ನೆಲೆಸಿದವರಿಗೆ ಈ ಸಮಸ್ಯೆ ಇಲ್ಲ.

ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂಕಾಲು ದಾಟಿದ ಮೇಲೆ. 7ಕ್ಕೆ ಒಳಗೆ ಹೋದವರಿಗೆ ಮಗ್ರಿಬ್ ಪಾರ್ಕ್ ಒಳಗೇ ಆಗುತ್ತದೆ, ಸುಡುಮದ್ದಿಗೆ ಜನ ಸೇರುವ ಮೊದಲು ಒಂದು ಮೂಲೆ ನೋಡಿಟ್ಟುಕೊಂಡರೆ ಒಳ್ಳೆಯದು. ಪಾಪ್‌ಕಾರ್ನ್, ಐಸ್‌ಕ್ರೀಮ್‌ನಲ್ಲಿ ಹೊಟ್ಟೆ ತುಂಬುವುದಿಲ್ಲ ಮಾರಾಯ್ರೆ, ಊಟ ಮುಗಿಸಿಯೇ ಹೋಗಿ.

ಕಡಿಮೆ ಖರ್ಚಿನ ದಾರಿ

ಸಾಲು ತಪ್ಪಿಸಲು ಹಣವೇ ಬೇಕೆಂದಿಲ್ಲ. ಡಿಸ್ನಿಯ ಯಾವುದೇ ಹೋಟೆಲ್‌ನಲ್ಲಿ ತಂಗಿದವರಿಗೆ ಬೆಳಗ್ಗೆ ಅರ್ಧ ಗಂಟೆ ಮೊದಲೇ ಪ್ರವೇಶ ಉಂಟು. ಸುಬ್‌ಹಿಗೆ ಏಳುವ ಅಭ್ಯಾಸದ ಮನೆಯವರಿಗೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಗೇಟು ತೆರೆಯುವ ಹೊತ್ತಿಗೆ ಅಲ್ಲಿ ನಿಂತು, ಅತಿ ಉದ್ದ ಸಾಲಿನ ರೈಡ್‌ಗೆ ಮೊದಲು ಹೋಗಿ, ಮಧ್ಯಾಹ್ನ ಬಿಸಿಲಿಗೆ ಕೋಣೆಗೆ ಬಂದು ಮಲಗಿ, ಸಂಜೆ ಮತ್ತೆ ಹೋದರೆ ಅರ್ಧ ಕೆಲಸ ಆಯಿತು. ದುಬಾರಿ ದರ್ಜೆಯ ಡಿಸ್ನಿ ಹೋಟೆಲ್‌ಗಳಲ್ಲಿ ಇರುವವರಿಗೆ ಕೆಲವು ರಾತ್ರಿ ಎರಡು ಗಂಟೆ ಹೆಚ್ಚುವರಿ ಸಮಯವನ್ನು ಕಂಪೆನಿಯೇ ಕೊಡುತ್ತದೆ. ಅಂಥವರು ಮತ್ತೆ ರಾತ್ರಿ ಟಿಕೆಟ್‌ಗೆ ಹಣ ಸುರಿಯುವ ಮೊದಲು ಎರಡು ಸಲ ಯೋಚಿಸಬೇಕು.

ಪ್ರಶ್ನೆ ಹತ್ತಿರ ಬರುತ್ತಿದೆ

ಇದು ದೂರದ ಅಮೆರಿಕದ ಮಾತು ಎಂದು ಬಿಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಡಿಸ್ನಿ ಕಂಪೆನಿ ಅಬುಧಾಬಿಯ ಯಾಸ್ ದ್ವೀಪದಲ್ಲಿ ತನ್ನ ಏಳನೇ ರೆಸಾರ್ಟ್ ಬರಲಿದೆ ಎಂದು ಘೋಷಿಸಿದೆ. ಕಟ್ಟುವುದೂ ನಡೆಸುವುದೂ ಅಲ್ಲಿನ ಮಿರಾಲ್ ಸಂಸ್ಥೆ. 2010ರಲ್ಲಿ ಫೆರಾರಿ ವರ್ಲ್ಡ್, 2018ರಲ್ಲಿ ವಾರ್ನರ್ ಬ್ರದರ್ಸ್ ವರ್ಲ್ಡ್, 2023ರಲ್ಲಿ ಸೀವರ್ಲ್ಡ್ ತೆರೆದದ್ದು ಇದೇ ದ್ವೀಪದಲ್ಲಿ. ನಮ್ಮ ಎಷ್ಟೋ ಕುಟುಂಬಗಳಿಗೆ ಅದು ಕಾರಿನಲ್ಲಿ ಹೋಗಿ ಬರುವಷ್ಟು ದೂರ. ನಾಳೆ ಅಲ್ಲಿ ಮಕ್ಕಳು ಕೈ ಹಿಡಿದು ಎಳೆಯುವಾಗ, ಪಕ್ಕದ ಮನೆಯವರು ಫೋಟೊ ಕಳಿಸುವಾಗ, 'ನಮಗೂ ಆ ಟಿಕೆಟ್' ಎಂಬ ಬೇಡಿಕೆ ಬಾರದೆ ಇರುವುದಿಲ್ಲ. ತಿಂಗಳ ಸಂಬಳದಲ್ಲಿ ಬಾಡಿಗೆ, ಶಾಲಾ ಫೀಸು, ಊರಿಗೆ ಕಳಿಸುವ ಹಣ ತೆಗೆದು ಉಳಿದದ್ದರಲ್ಲಿ ಇದಕ್ಕೂ ಪಾಲು ಕೊಡಬೇಕಾದ ಉಪ್ಪನಿಗೆ ಅದು ಸುಲಭದ ಮಾತಲ್ಲ.

ನಾವು ಹೇಳುವುದು ಇಷ್ಟು. ಸಮಯ ತೀರಾ ಕಡಿಮೆ ಇದ್ದು, ಮಕ್ಕಳು ದೊಡ್ಡವರಾಗಿದ್ದು, ಹಗಲಿನ ಟಿಕೆಟ್‌ನ ಬದಲಿಗೆ ತೆಗೆದುಕೊಳ್ಳುವುದಾದರೆ ರಾತ್ರಿಯ ಟಿಕೆಟ್ ಕೊಟ್ಟ ಹಣಕ್ಕೆ ಬೆಲೆ ಕೊಡುತ್ತದೆ. ಹಗಲಿನ ಟಿಕೆಟ್‌ನ ಮೇಲೆ ಹೆಚ್ಚುವರಿಯಾಗಿ, ಆರು-ಏಳು ವರ್ಷದೊಳಗಿನ ಮಕ್ಕಳೊಂದಿಗೆ, ಸಾಲ ಮಾಡಿ ತೆಗೆದುಕೊಳ್ಳುವುದಾದರೆ ಬೇಡ. ಬೇಡ ಎನ್ನುವ ತಂದೆ-ತಾಯಿ ಜುಗ್ಗರಲ್ಲ. ಮಕ್ಕಳಿಗೆ ಒಂದು ಕಾಗದದಲ್ಲಿ ಈ ಲೆಕ್ಕ ಬರೆದು ತೋರಿಸಿ. 63 ಸಾವಿರದಲ್ಲಿ ಇನ್ನೇನೇನು ಆಗುತ್ತದೆ ಎಂದು ಅವರ ಕೈಯಲ್ಲೇ ಕೂಡಿಸಿ ಕಳೆಸಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ. ಆಮೇಲೂ ಹೋಗುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರೆ, ಮಧ್ಯಾಹ್ನ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿ, ಗಟ್ಟಿ ಚಪ್ಪಲಿ ಹಾಕಿ, 7 ಗಂಟೆಗೇ ಗೇಟಿನ ಎದುರು ಇರಿ.