ಕೂದಲಿಗೆ ಮುಕ್ಕಾದ ಉಕ್ಕು

ಕ್ಷೌರದ ಅಲಗಿನ ಉಕ್ಕು ಮನುಷ್ಯನ ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಸಾಲದೆಂಬಂತೆ ಈಗಿನ ಹಲವು ಬ್ಲೇಡುಗಳ ಬಾಯಿಗೆ ವಜ್ರವನ್ನು ಹೋಲುವ ಕಠಿಣ ಇಂಗಾಲದ ತೆಳು ಲೇಪವೂ ಇರುತ್ತದೆ. ಇಷ್ಟೆಲ್ಲ ಇದ್ದೂ ಕೆಲವು ವಾರ ಗಡ್ಡ ಹೆರೆದರೆ ಅದು ಮೊಂಡಾಗುತ್ತದೆ, ಚರ್ಮ ಎಳೆಯತೊಡಗುತ್ತದೆ. ಗಟ್ಟಿ ವಸ್ತುವನ್ನು ಮೆತ್ತಗಿನದು ಸೋಲಿಸುವ ಈ ವಿಚಿತ್ರ ಕ್ಷೌರದಂಗಡಿಯಲ್ಲೂ ಅಡುಗೆಮನೆಯಲ್ಲೂ ದಿನಾ ನಡೆಯುತ್ತದೆ. ಆಲೂಗಡ್ಡೆ ಹೆಚ್ಚಿದ ಚಾಕುವೂ ಒಂದು ದಿನ ಮೊಂಡಾಗುತ್ತದಲ್ಲ! ದಿನಾ ಕಾಣುವುದರಿಂದಲೇ ಏನೋ, ಯಾಕೆ ಹೀಗೆ ಎಂದು ಗಟ್ಟಿಯಾಗಿ ಕೇಳಿದವರು ಕಡಿಮೆ.

ಎಲ್ಲರ ಬಳಿಯೂ ಒಂದು ಉತ್ತರವಂತೂ ಇತ್ತು: ತಿಕ್ಕಿ ತಿಕ್ಕಿ ಬಾಯಿ ಸವೆಯುತ್ತದೆ, ಚೂಪು ಹೋಗಿ ದುಂಡಗಾಗುತ್ತದೆ. ಕೇಳಿದರೆ ಸರಿ ಎನಿಸುವ ಮಾತು. ಆದರೆ ಮಡಚುವ ಕ್ಷೌರದ ಕತ್ತಿಯನ್ನು ಮಸೆದು ಗೊತ್ತಿರುವವರಿಗೆ ಇದರಲ್ಲಿ ಒಂದು ತೊಡಕು ಕಾಣುತ್ತದೆ. ಬರೀ ಉಜ್ಜಾಟದಿಂದಲೇ ಸವೆಯುವುದಾದರೆ ಅಲಗು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನೆ ಮೊಂಡಾಗಬೇಕು. ಭೂತಗನ್ನಡಿ ಹಿಡಿದು ನೋಡಿದರೆ ಹಾಗಿರುವುದಿಲ್ಲ. ಒಂದು ಕಡೆ ನೆಟ್ಟಗೆ ಹೊಳೆಯುವ ಬಾಯಿ, ಅದರ ಪಕ್ಕದಲ್ಲೇ ಸಣ್ಣದೊಂದು ಮುಕ್ಕು, ಮತ್ತೆ ನೆಟ್ಟಗಿನ ಬಾಯಿ. ಮಸೆದವರ ಕೈ ಸರಿಯಿಲ್ಲ ಅಥವಾ ಕಲ್ಲು ಒರಟು ಎಂದು ಹೇಳಿ ಮಾತು ಮುಗಿಸುವುದು ವಾಡಿಕೆ.

ಉಕ್ಕಿನ ಒಳಗುಟ್ಟಿನ ಮೇಲೆ ಕಣ್ಣಿಟ್ಟವರು ಹಿಂದೆಯೂ ಇದ್ದರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಶಸ್ತ್ರೋಪಕರಣ ತಯಾರಕ ಜೇಮ್ಸ್ ಸ್ಟೋಡರ್ಟ್, ಭಾರತದಿಂದ ಬರುತ್ತಿದ್ದ ವೂಟ್ಜ್ ಉಕ್ಕಿಗೆ ಮನಸೋತಿದ್ದ. ಯುರೋಪಿನ ಒಳ್ಳೆಯ ಉಕ್ಕಿಗಿಂತಲೂ ಇದೇ ಮೇಲು ಎಂಬುದು ಅವನ ನಿಲುವು. ಇಂಥ ಉಕ್ಕನ್ನು ಮೂಸೆಗಳಲ್ಲಿ ಕರಗಿಸುತ್ತಿದ್ದ ಸೀಮೆಗಳಲ್ಲಿ ಮೈಸೂರೂ ಒಂದು. 1800-01ರಲ್ಲಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳ ಕೆಲಸವನ್ನು ಬರೆದಿಟ್ಟಿದ್ದಾನೆ. 1819ರಲ್ಲಿ ವೂಟ್ಜನ್ನು ವಿಶ್ಲೇಷಿಸಿದ ಮೈಕೆಲ್ ಫ್ಯಾರಡೆ, ಮುಂದೆ ಸ್ಟೋಡರ್ಟ್ ಜೊತೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ತಾನೇ ಕಾಸಿದ ಉಕ್ಕಿನಿಂದ ಕ್ಷೌರದ ಕತ್ತಿ ಮಾಡಿಸಿ ಗೆಳೆಯರಿಗೂ ಕೊಟ್ಟ. ವಿದ್ಯುತ್ತಿನ ಫ್ಯಾರಡೆಯಷ್ಟು ಈ ಫ್ಯಾರಡೆ ಹೆಸರಾಗಲಿಲ್ಲ. ಆ ಕತ್ತಿಗಳ ಬಾಯಿ ಕೂದಲಿಗೆ ತಾಗುವ ಗಳಿಗೆಯಲ್ಲಿ ಏನಾಗುತ್ತದೆಂದು ನೋಡುವ ಸಾಧನವಂತೂ ಆಗ ಇರಲಿಲ್ಲ.

ಆ ಸಾಧನ ಒದಗಿದ್ದು ಎರಡು ಶತಮಾನದ ನಂತರ, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿ. ಈ ಸಂಸ್ಥೆಗೂ ಬ್ಲೇಡಿಗೂ ಹಳೇ ನಂಟು. ತೆಳು ಉಕ್ಕಿನ ತಗಡಿಗೆ ಕ್ಷೌರದ ಹರಿತ ಕೊಡುವುದು ಆಗದ ಮಾತೆಂದು ಅಲ್ಲಿನ ಲೋಹಜ್ಞರು, ಬಳಸಿ ಬಿಸಾಡುವ ಬ್ಲೇಡು ಮಾಡಹೊರಟಿದ್ದ ಕಿಂಗ್ ಜಿಲೆಟ್‌ಗೆ ಹೇಳಿ ಕಳಿಸಿದ್ದರಂತೆ. ಕೊನೆಗೆ ಅದನ್ನು ಆಗುಮಾಡಿಕೊಟ್ಟ ವಿಲಿಯಂ ನಿಕರ್ಸನ್ ಕೂಡ ಅಲ್ಲೇ ಓದಿದವನು!

ಲೋಹಶಾಸ್ತ್ರದ ಪ್ರಾಧ್ಯಾಪಕ ಜೆಮ್ ತಾಸಾನ್ ಅವರ ಪ್ರಯೋಗಾಲಯದಲ್ಲಿ ಜಿಯಾನ್‌ಲೂಕಾ ರೋಶೋಲಿ ಎಂಬ ಸಂಶೋಧನಾ ವಿದ್ಯಾರ್ಥಿ ಕೆಲಸವನ್ನು ತನ್ನ ಗಲ್ಲದಿಂದಲೇ ಶುರುಮಾಡಿದರು. ಬಳಸಿ ಬಿಸಾಡುವ ರೇಜರಿನಲ್ಲಿ ಗಡ್ಡ ಹೆರೆದುಕೊಳ್ಳುವುದು, ಪ್ರತಿ ಸಲವೂ ಅದರ ಬಾಯನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಚಿತ್ರ ತೆಗೆಯುವುದು, ಹಿಂದಿನ ಚಿತ್ರದ ಪಕ್ಕಕ್ಕಿಟ್ಟು ನೋಡುವುದು. ದುಂಡಗಾದ ಬಾಯಿ ಕಾಣಬೇಕಿತ್ತು. ಕಂಡದ್ದು ಬೇರೆ. ಸವೆತ ಇಲ್ಲವೆನ್ನುವಷ್ಟು ಕಡಿಮೆ. ಅದರ ಬದಲು ಅಲ್ಲೊಂದು ಇಲ್ಲೊಂದು ಚೂರು ಎಗರಿಹೋಗಿತ್ತು. ಒಂದೊಂದು ಮುಕ್ಕು ಕೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು.

ಅರ್ಧ ಕತೆ ಇಲ್ಲಿಗೇ ಮುಗಿಯಿತು. ಆದರೆ ಕಷ್ಟದ ಪ್ರಶ್ನೆ ಹುಟ್ಟಿದ್ದೂ ಇಲ್ಲೇ. ಇಲ್ಲಿ ಮುಕ್ಕಾದದ್ದು ಪಕ್ಕದಲ್ಲಿ ಯಾಕೆ ಆಗಲಿಲ್ಲ?

ಮುಖದ ಮೇಲೆ ಸಾವಿರಾರು ಕೂದಲು ಒಟ್ಟಿಗೆ ಕತ್ತರಿಸುವಾಗ ಯಾವುದು ಎಲ್ಲಿ ಏನು ಮಾಡಿತೆಂದು ಹೇಳಲಾಗದು. ಅದಕ್ಕೆ ರೋಶೋಲಿ ಸೂಕ್ಷ್ಮದರ್ಶಕದ ಒಳಗೇ ಕೂರುವ ಪುಟ್ಟ ಯಂತ್ರವೊಂದನ್ನು ಕಟ್ಟಿದರು. ಒಂದು ಹಿಡಿಯಲ್ಲಿ ಬ್ಲೇಡು, ಇನ್ನೊಂದರಲ್ಲಿ ತನ್ನದೋ ಜೊತೆಗಾರರದೋ ಕೂದಲಿನ ಎಳೆ. ಎಷ್ಟು ಓರೆಯಲ್ಲಿ ತಾಗಬೇಕು, ಎಷ್ಟು ಆಳ ಇಳಿಯಬೇಕು ಎಂಬುದೆಲ್ಲ ಕೈಯಲ್ಲೇ. ಕೂದಲು ಕೊಯ್ಯುತ್ತಿರುವಾಗಲೇ ಉಕ್ಕಿನ ಪಾಡು ಕಣ್ಣಿಗೆ ಬೀಳುವಂತೆ ಏರ್ಪಾಡು.

ಕೂದಲಿಗೆ ಅಲಗು ನೇರ ಅಡ್ಡಲಾಗಿ ಇಳಿದಾಗ ಎಳೆ ಎಷ್ಟೇ ದಪ್ಪವಿರಲಿ, ಉಕ್ಕಿಗೆ ಏನೂ ಆಗಲಿಲ್ಲ. ಕೂದಲಿಗೆ ಬಾಗಲು ಬಿಟ್ಟಾಗ ಆಟ ಬದಲಾಯಿತು. ಬಾಗಿದ ಎಳೆ ಅಲಗನ್ನು ಓರೆಯಾಗಿ ಒತ್ತುತ್ತದೆ. ಅಷ್ಟು ತೆಳುವಾದ ಬಾಯಿಗೆ ಆ ಪಕ್ಕದೊತ್ತಡ ತಡೆಯದು. ಅದರಲ್ಲೂ ಮುಕ್ಕು ಬೀಳುತ್ತಿದ್ದದ್ದು ಬಹುಪಾಲು ಎಳೆಯ ಅಂಚು ತಾಗುವ ಜಾಗದಲ್ಲಿ. ಅಲ್ಲಿ ಬಾಯಿಯ ಒಂದು ಪಕ್ಕಕ್ಕೆ ಭಾರ, ಇನ್ನೊಂದು ಪಕ್ಕ ಖಾಲಿ.

ಹಾಗಂತ ಬಾಗಿದ ಪ್ರತಿ ಕೂದಲೂ ಚೂರು ಎಬ್ಬಿಸಲಿಲ್ಲ. ಉಳಿದ ಕಾರಣವನ್ನು ಉಕ್ಕಿನೊಳಗೇ ಹುಡುಕಬೇಕಾಯಿತು. ಕಾಸಿ ತಟ್ಟನೆ ತಣಿಸಿದ ಉಕ್ಕಿನಲ್ಲಿ ಹುಟ್ಟುವ ರಚನೆಗೆ ಮಾರ್ಟೆನ್ಸೈಟ್ ಎಂದು ಹೆಸರು. ಅಲಗಿಗೆ ಗಡಸುತನ ಬರುವುದು ಅದರಿಂದಲೇ. ಆದರೆ ಅದು ಎಲ್ಲೆಡೆ ಒಂದೇ ಗಡಸಲ್ಲ. ತುಸು ಮೆದುವಾದ ಭಾಗ, ಅದಕ್ಕೆ ಒತ್ತಿಕೊಂಡೇ ತುಸು ಗಟ್ಟಿ ಭಾಗ. ಇದೇ ತಂಡದ ಎಸ್. ಮೊಹಾದೆಸೆ ತಾಹೆರಿ-ಮೂಸವಿ ಕಂಪ್ಯೂಟರಿನಲ್ಲಿ ಈ ಒಳರಚನೆಯನ್ನು ಬಗೆಬಗೆಯಾಗಿ ಬದಲಿಸಿ ಲೆಕ್ಕ ಹಾಕಿದಾಗ ಮೂರು ಸಂಗತಿ ಕೂಡಿಬರಬೇಕೆಂದು ತಿಳಿಯಿತು: ಅಲಗು ಓರೆಯಾಗಿ ತಾಗಬೇಕು, ಉಕ್ಕು ಒಳಗೆ ಏರುಪೇರಾಗಿರಬೇಕು, ಎಳೆಯ ಅಂಚು ಸರಿಯಾಗಿ ಮೆದು-ಗಟ್ಟಿ ಸೇರುವ ದುರ್ಬಲ ಜಾಗಕ್ಕೇ ಬೀಳಬೇಕು. ಆಗ ಆ ಗಡಿಯಲ್ಲಿ ಒತ್ತಡ ಮಡುಗಟ್ಟಿ ಬಿರುಕು ಹುಟ್ಟುತ್ತದೆ, ಚೂರು ಎಗರುತ್ತದೆ. ಸವೆತದ ಸರದಿ ಬರುವುದಕ್ಕೂ ಮೊದಲೇ ಬಿರುಕು ತನ್ನ ಕೆಲಸ ಮುಗಿಸಿರುತ್ತದೆ. 2020ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆ ಇದನ್ನು ಪ್ರಕಟಿಸಿತು. ಉಕ್ಕಿನ ಒಳರಚನೆಯನ್ನು ಇನ್ನಷ್ಟು ಏಕರೂಪ ಮಾಡುವ ವಿಧಾನಕ್ಕೆ ತಂಡ ಪೇಟೆಂಟಿಗೂ ಅರ್ಜಿ ಹಾಕಿತು.

ಪ್ರಯೋಗ ನಡೆದದ್ದು ಬಿಸಾಡುವ ಬ್ಲೇಡಿನ ಮೇಲೆ, ಮಡಚುವ ಕತ್ತಿಯ ಮೇಲಲ್ಲ. ಆದರೂ ಎರಡರ ಬಾಯಿಯೂ ಗಡಸಾಗಿಸಿದ ಉಕ್ಕೇ ಆದ್ದರಿಂದ, ಮಸೆಯುವವರಿಗೆ ಇದರಲ್ಲಿ ಕೆಲಸಕ್ಕೆ ಬರುವ ಮಾತಿದೆ ಎಂದು ನನ್ನ ಅಂದಾಜು. ಮಡಚುವ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನು ಮತ್ತು ಬಾಯಿ ಎರಡೇ ತಾಗುತ್ತವೆ, ನಡುವಿನ ಹೊಟ್ಟೆ ತಗ್ಗು. ಮಸೆಯುವ ಓರೆಯನ್ನು ನಿಶ್ಚಯಿಸುವುದು ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ. ಕೈಯ ಅಂದಾಜಿಗೆ ಅಲ್ಲಿ ಕೆಲಸವಿಲ್ಲ. ಜಾಣತನದ ವಿನ್ಯಾಸ, ಆದರೆ ಒಂದು ಮುಕ್ಕು ಕಂಡ ಕೂಡಲೇ ಬೆರಳು ಅಲ್ಲೇ ಒತ್ತುತ್ತದೆ. ಒತ್ತಿದ ಕಡೆ ಬಾಯಿ ಒಳಕ್ಕೆ ಸರಿಯುತ್ತದೆ, ಬೆನ್ನೂ ಅಲ್ಲೇ ಚಪ್ಪಟೆಯಾಗುತ್ತದೆ, ಕೆಲವೇ ಕಾಲದಲ್ಲಿ ಅಲಗು ಒಳಬಾಗು ಹಿಡಿಯುತ್ತದೆ. ಕಲ್ಲೇ ನಡುವೆ ತಗ್ಗಾಗಿದ್ದರೆ ಬುಡ ಮತ್ತು ತುದಿ ಹೆಚ್ಚು ಸವೆಯುವುದು ಬೇರೆ ರಗಳೆ. ಕಲ್ಲನ್ನು ಮೊದಲು ಸಮತಟ್ಟು ಮಾಡಬೇಕು. ಆಮೇಲೆ ಅಲಗಿನ ಬಾಯಿಗೂ ಬೆನ್ನಿಗೂ ಮಾರ್ಕರ್ ಶಾಯಿ ಬಳಿದು, ಭಾರ ಹಾಕದೆ ಒಂದೆರಡು ಸಲ ಎಳೆದು, ಶಾಯಿ ಎಲ್ಲಿ ಅಳಿಯಿತು ಎಲ್ಲಿ ಉಳಿಯಿತು ಎಂದು ನೋಡಬೇಕು. ಮುಕ್ಕು ಹೋಗಬೇಕಾದರೆ ಅತಿ ಆಳದ ಮುಕ್ಕಿನ ತಳ ಸಿಗುವವರೆಗೆ ಇಡೀ ಬಾಯನ್ನೇ, ಬುಡದಿಂದ ತುದಿಯವರೆಗೆ, ಇಳಿಸಬೇಕು. ಅಂಥ ಆಳವೂ ಕೂದಲಿನ ದಪ್ಪದ ಹತ್ತನೇ ಒಂದು ಭಾಗದ ಆಸುಪಾಸಿನದಾದರೆ, ಒರಟು ಕಲ್ಲನ್ನು ಹೊರತೆಗೆಯುವ ಅಗತ್ಯವೇ ಬಾರದು.